ಕಂದು ಬಾಟಲಿಯ ಡಿಎಂಎಫ್

ಜೂನ್ 3, ಮಂಗಳವಾರ. ಸಂಜೆ 7.00

ಬಸ್ಸಿನಲ್ಲಿ ಇವತ್ತೂ ನನ್ನ ಪಕ್ಕದ ಸೀಟು ಖಾಲಿ. ಕೋಲಾರ ಬಿಟ್ಟು ಹತ್ತು ನಿಮಿಷಕ್ಕೆ ಕಂಡಕ್ಟರ್ ಶುರು ಮಾಡಿದ. "ಯಾರ್ರೀ ಅದು ಸಿಲಿಂಡ್ರು ತಂದಿರೋದು? ಗ್ಯಾಸ್ ಲೀಕ್ ಆಗ್ತಾ ಐತೆ!" ಎಲ್ಲರೂ ಸೀಟಿನ ಕೆಳಗೆ ಬಗ್ಗಿ ನೋಡಿದರು. ನಾನೂ ಬಗ್ಗಿದೆ. ಸುಮ್ಮನೆ ಕೂತಿದ್ದರೆ ಅನುಮಾನ ಬರುತ್ತದಲ್ಲ. ಸಿಲಿಂಡರೂ ಇಲ್ಲ, ಏನೂ ಇಲ್ಲ. ನನ್ನ ದುಪಟ್ಟಾ. ಲ್ಯಾಬಿನ ಡೈಥಯಾಲ್ ಒಂದು ಹನಿ ಸಿಡಿದರೆ ಮೂರು ದಿನ ಜೊತೆಗಿರುತ್ತದೆ. ಗ್ಯಾಸಿಗೆ ವಾಸನೆ ಬರಲಿ ಎಂದು ಸೇರಿಸುವುದೂ ಇದೇ ಜಾತಿಯ ಗಂಧಕದ ಸಾಮಾನು.

ಬೆಳಿಗ್ಗೆ ಮುಳಬಾಗಿಲಿನಲ್ಲಿ ಪಾಠ, ಮಧ್ಯಾಹ್ನ ಕೋಲಾರದಲ್ಲಿ ಪಿಎಚ್‌ಡಿ, ಸಂಜೆ ಬಸ್ಸಿನಲ್ಲಿ ಕಳ್ಳಿಯ ಹಾಗೆ ಕೂರುವುದು. ನಲವತ್ತೊಂದನೇ ವಯಸ್ಸಿಗೆ ಇದು ಬೇಕಿತ್ತಾ...

ಇವತ್ತಿನ ಬ್ಯಾಚ್ ಮಾತ್ರ ಚೆನ್ನಾಗಿ ಬಂತು. ಡಿಎಂಎಫ್ ದ್ರಾವಕದಲ್ಲಿ ನಾಲ್ಕು ಗಂಟೆ. ಜೇನಿನಷ್ಟು ಗಟ್ಟಿ. ಮೂರು ವರ್ಷದಲ್ಲಿ ಒಂದು ಸಲವೂ ಕೈಕೊಟ್ಟಿಲ್ಲ.

ಆದರೆ ಕದಿರೇಶ್ ಫೋನ್ ಮಾಡಿದ್ದ. ಮಾಲೂರಿನ ಸೀಲೆಂಟ್ ಫ್ಯಾಕ್ಟರಿಯ ಕೆಮಿಸ್ಟ್. ನಮ್ಮ ಪೇಪರ್ ಓದಿ, ಕಿಟಕಿ ಗಾಜಿನ ಅಂಚಿಗೆ ಹಾಕಲು ಈ ಪಾಲಿಮರ್ ಆಗುತ್ತದಾ ನೋಡುತ್ತೇನೆ ಎಂದು ಹೋದ ತಿಂಗಳು ಶುರು ಮಾಡಿದವನು. "ಮೇಡಂ, ತಪ್ಪು ತಿಳ್ಕೋಬೇಡಿ. ಐದು ಸಲ ಮಾಡ್ದೆ. ನೀರು ನೀರಾಗೇ ಐತೆ."

ತೂಕ ತಪ್ಪಿರಬೇಕು ಎಂದೆ. ಸ್ವಲ್ಪ ಜೋರಾಗಿಯೇ ಅಂದೆ.

ಜೂನ್ 5, ಗುರುವಾರ. ಸಂಜೆ

ಮುರಳೀಕೃಷ್ಣ ಸರ್ ರೂಮಿಗೆ ಕರೆದರು. ಬಾಗಿಲು ಹಾಕಿ ಎಂದರು. ಗೈಡ್ ಬಾಗಿಲು ಹಾಕಿ ಎಂದರೆ ಒಳ್ಳೆಯ ಸುದ್ದಿ ಇರುವುದಿಲ್ಲ.

ಕದಿರೇಶ್ ಅವರಿಗೂ ಮೇಲ್ ಹಾಕಿದ್ದಾನೆ. ಒಂಬತ್ತು ಸಲ ಮಾಡಿದೆ, ಆಗಲಿಲ್ಲ, ಏನಾದರೂ ಬಿಟ್ಟುಹೋಗಿದೆಯಾ ಎಂದು. ಪಾಪ, ಮರ್ಯಾದೆಯಾಗಿಯೇ ಕೇಳಿದ್ದಾನೆ.

"ಶ್ಯಾಮಲಾ ಅವ್ರೇ, ನೀವು ಕ್ಯಾಟಲಿಸ್ಟ್ ಏನಾದ್ರೂ ಹಾಕಿ, ಬರೆಯೋದು ಮರೆತ್ರಾ?"

"ಇಲ್ಲ ಸರ್. ಕ್ಯಾಟಲಿಸ್ಟ್ ಬೇಡ ಅನ್ನೋದೇ ಅಲ್ವಾ ನಮ್ಮ ಪೇಪರ್ರು."

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. ಅವರು ಕೇಳದೆ ಬಿಟ್ಟ ಪ್ರಶ್ನೆ ನನಗೆ ಸ್ಪಷ್ಟವಾಗಿ ಕೇಳಿಸಿತು. ಡೇಟಾ ಬೇಯಿಸಿದ್ದೀಯಾ, ಸುಳ್ಳು ಅಂಕಿ ಬರೆದಿದ್ದೀಯಾ, ತಾಯಿ?

ಮನೆಗೆ ಬಂದಾಗ ವೆಂಕಟ್ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ನನ್ನ ಮುಖ ನೋಡಿ ಒಲೆ ಆರಿಸಿದರು. "ಕರೆಂಟ್ ಆಫೀಸಿನವ್ನಿಗೆ ಅರ್ಥ ಆಗೋ ಹಂಗೆ ಹೇಳೇ."

ಹೇಳಿದೆ. ಎರಡು ತರಹದ ಅಣುಗಳು. ಒಂದರ ಎರಡೂ ತುದಿಯಲ್ಲಿ ಗಂಧಕ. ಇನ್ನೊಂದು ಗಂಧಕ ಸಿಕ್ಕರೆ ಹಿಡಿದುಕೊಳ್ಳುತ್ತದೆ. ಒಂದರ ಕೈ ಒಂದು ಹಿಡಿದು ಸರಪಳಿ. ಆದರೆ ಯಾವ ದ್ರಾವಕದಲ್ಲಿ ಬಿಡುತ್ತೀರಿ ಅನ್ನುವುದರ ಮೇಲೆ ಸರಪಳಿಯ ಗುಣವೇ ಬೇರೆ. ಟಾಲ್ವೀನ್‌ನಲ್ಲಿ ಹಿಡಿಯುವುದೇ ಇಲ್ಲ. ಡಿಎಂಎಸ್‌ಒನಲ್ಲಿ ಬಿಸಿ ಮಾಡಿದರೆ ಗಂಧಕ ಗಂಧಕವನ್ನೇ ಹಿಡಿದುಬಿಡುತ್ತದೆ, ಆ ದ್ರಾವಕ ಸುಮ್ಮನೆ ಇರುವ ಜಾತಿಯಲ್ಲ. ಡಿಎಂಎಫ್‌ನಲ್ಲಿ ಮಾತ್ರ ನೆಟ್ಟಗೆ, ಉದ್ದಕ್ಕೆ. ಬೇರೆ ಯಾರ ಸಹಾಯವೂ ಬೇಡ. ಇದೇ ನನ್ನ ಮೂರನೇ ಅಧ್ಯಾಯ. ಇದೇ ಅಚ್ಚಾದ ಪೇಪರ್. ಮಾಲೂರಿನಲ್ಲಿ ಆಗದೆ ಇರುವುದೂ ಇದೇ.

"ಅವ್ನಿಗೆ ಕೈ ಕೂಡ್ತಿಲ್ಲ ಅನ್ಸುತ್ತೆ, ನೀನೇ ಹೋಗಿ ಮಾಡ್ಕೊಟ್ಟು ಬಾ ಕಣೇ."

ಶನಿವಾರ ಹೋಗುತ್ತೇನೆ. ಎಲ್ಲಿ ತಪ್ಪು ಮಾಡುತ್ತಿದ್ದಾನೆ ಎಂದು ತೋರಿಸಿ, ಸ್ವಲ್ಪ ಬೈದು ಬರುತ್ತೇನೆ.

ಜೂನ್ 7, ಶನಿವಾರ. ಮಧ್ಯಾಹ್ನ 3.40, ರೈಲಿನಲ್ಲಿ

ಟೇಕಲ್ ಸ್ಟೇಷನ್ನಿನಲ್ಲಿ ನಿಲ್ಲಿಸಿದ್ದಾರೆ. ಯಾವುದೋ ಎಕ್ಸ್‌ಪ್ರೆಸ್ ಹೋಗಬೇಕಂತೆ. ಬೆಟ್ಟ ನೋಡುತ್ತಾ ಕೂತಿದ್ದೇನೆ.

ಬೈಯಲು ಏನೂ ಸಿಗಲಿಲ್ಲ. ಕದಿರೇಶನ ಕೈ ನನ್ನ ಕೈಗಿಂತ ಚೊಕ್ಕ. ತಕ್ಕಡಿ ನಮ್ಮದಕ್ಕಿಂತ ಒಳ್ಳೆಯದು. ಆದರೂ ನಾನೇ ಮಾಡಿದೆ, ನನ್ನ ಕೈಯಾರೆ, ಬೆಳಿಗ್ಗೆ ಹತ್ತಕ್ಕೆ. ಅವನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಹನ್ನೊಂದು, ಹನ್ನೆರಡು, ಒಂದು. ಎರಡಕ್ಕೆ ನೋಡಿದರೆ ಹಾಕಿದಾಗ ಹೇಗಿತ್ತೋ ಹಾಗೇ. ನೀರು.

"ಊಟ ಮಾಡ್ರಿ ಮೇಡಂ" ಎಂದ. ಅಷ್ಟೇ ಅಂದ. ಅವನು ಒಂದು ಮಾತು ಕೊಂಕು ಆಡಿದ್ದರೆ ಸಿಟ್ಟಾದರೂ ಬರುತ್ತಿತ್ತು. ಕ್ಯಾಂಟೀನಿನಲ್ಲಿ ಮುದ್ದೆ ಅರ್ಧಕ್ಕೇ ಬಿಟ್ಟೆದ್ದೆ.

ಜೂನ್ 11, ಬುಧವಾರ

ಒಂದೊಂದೇ ಬದಲಾಯಿಸಿ ನೋಡಿದ್ದಾಯಿತು. ಸೋಮವಾರ ಕೋಲಾರದ ಡೈಥಯಾಲ್ ಕಳಿಸಿದೆ. ಆಗಲಿಲ್ಲ. ನಿನ್ನೆ ನಮ್ಮ ಗಾಜಿನ ಫ್ಲಾಸ್ಕ್. ಆಗಲಿಲ್ಲ. ಇವತ್ತು ನಮ್ಮ ಬೀರುವಿನಿಂದ ಸೀಲ್ ಒಡೆಯದ ದೊಡ್ಡ ಡಿಎಂಎಫ್ ಬಾಟಲಿ, ಅವರ ವ್ಯಾನಿನಲ್ಲೇ. ನಾವು ದಿನಾ ಬಳಸುವ ಅದೇ ಕಂಪನಿ, ಅದೇ ಲೇಬಲ್. ಆಗಲಿಲ್ಲ.

ಅಲ್ಲಿಗೆ ದ್ರಾವಕದ ಮೇಲೆ ತಪ್ಪು ಹೊರಿಸುವ ಹಾಗೂ ಇಲ್ಲ.

ಕೋಲಾರದಲ್ಲಿ ಇವತ್ತೇ ಮಾಡಿದೆ. ಜೇನು. ಮಾಲೂರಿನಲ್ಲಿ ನೀರು. ಉಳಿದಿರುವ ವ್ಯತ್ಯಾಸ ಒಂದೇ, ಮಾಲೂರಿನಲ್ಲಿ ಆಗುವುದೆಲ್ಲ ಬೇರೆಯವರ ಕಣ್ಣೆದುರು, ಕೋಲಾರದಲ್ಲಿ ನಾನೊಬ್ಬಳೇ.

ಇದನ್ನು ಬರೆದು ನೋಡಿದರೆ ಎಷ್ಟು ಕೆಟ್ಟದಾಗಿ ಕಾಣುತ್ತದೆ.

ಜೂನ್ 12, ಗುರುವಾರ

ಸರ್ ಒಂದು ಪತ್ರ ಟೈಪ್ ಮಾಡಿಟ್ಟಿದ್ದಾರೆ. ಜರ್ನಲ್‌ಗೆ. ಪೇಪರ್ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು. ತೋರಿಸಿದರು. ನನ್ನ ಹೆಸರು ಮೊದಲು, ಅವರದು ಎರಡನೆಯದು.

"ಮೂವತ್ತನೇ ತಾರೀಖಿನವರೆಗೂ ಕಾಯ್ತೀನಿ. ಕಾರಣ ಸಿಕ್ರೆ ಸರಿ. ಸಿಗದಿದ್ರೆ ನಾನು ಕಳಿಸ್ಲೇಬೇಕು. ನನಗೂ ಮೂವತ್ತು ವರ್ಷದ ಹೆಸರಿದೆ."

ಅವರು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿಲ್ಲ. ಅದಕ್ಕೇ ಅಳು ಬಂತು. ಕಾರಿಡಾರಿನಲ್ಲಿ ಅಶ್ವತ್ಥಮ್ಮ ಫ್ಲಾಸ್ಕುಗಳ ಬುಟ್ಟಿ ಹಿಡಿದು ಬರುತ್ತಿದ್ದರು. ನಮ್ಮ ಲ್ಯಾಬ್ ಅಟೆಂಡರ್. ಗಾಜು ತೊಳೆಯುವುದು, ಮೇಜಿನ ಬಾಟಲಿಗಳನ್ನು ತುಂಬಿಡುವುದು ಎಲ್ಲ ಅವರದೇ. ನನ್ನನ್ನು ನೋಡಿ ನಿಂತರು. "ಆ ಗಬ್ಬು ಕಣ್ಣಿಗೆ ಹೋಯ್ತಾ ಮೇಡಂ? ನೀರು ಹಾಕ್ಕೊಳ್ಳಿ" ಎಂದರು. ಹೌದು ಎಂದೆ.

ಜೂನ್ 15, ಭಾನುವಾರ. ರಾಯಲ್ಪಾಡು

ಅಮ್ಮನ ಮನೆ. ತೋಟದಲ್ಲಿ ಮಾವು ಇಳಿಸುತ್ತಿದ್ದಾರೆ. ಅಮ್ಮ ಬಾಗಿಲಲ್ಲೇ "ಏಮೇ, ಇಂತ ಸನ್ನಗಾ ಅಯಿಪೋಯಾವು" ಎಂದು ಕೆನ್ನೆ ಹಿಡಿದು ನೋಡಿದಳು. ಸಣ್ಣಗಾಗಿದ್ದೇನಂತೆ. ಓದಿನ ಚಿಂತೆ ಎಂದೆ. "ಈ ವಯಸ್ಸಲ್ಲಿ ಫೇಲಾದ್ರೆ ಯಾರೇನು ಹೊಡೀತಾರಾ" ಎಂದು ಅಮ್ಮ ಮಲ್ಲಿಕಾ ಮಾವಿನಹಣ್ಣು ಕೊಯ್ದು ಕೊಟ್ಟಳು.

ಫೇಲಾಗುವುದಲ್ಲಮ್ಮ. ಸುಳ್ಳಿ ಅನ್ನಿಸಿಕೊಳ್ಳುವುದು.

ಹಳೆಯ ಲ್ಯಾಬ್ ನೋಟ್‌ಬುಕ್ ತಂದಿದ್ದೆ. ಮೊದಲ ಪುಟದಿಂದ ಓದಿದೆ. ಎಲ್ಲ ನನ್ನ ಕೈಬರಹ. ಎಲ್ಲೂ ತಿದ್ದಿಲ್ಲ. ಆದರೂ ಒಂದು ಗಳಿಗೆ ನನಗೇ ಅನುಮಾನ ಬಂತು. ಫಲಿತಾಂಶ ಬರಲಿ ಎಂಬ ಆಸೆಗೆ ಏನಾದರೂ ಮಾಡಿ, ಮಾಡಿದ್ದನ್ನೇ ಮರೆತಿದ್ದೇನಾ? ಮನುಷ್ಯರು ಹಾಗೆ ಮಾಡುತ್ತಾರೆ. ನಾನೂ ಮನುಷ್ಯಳೇ.

ಜೂನ್ 17, ಮಂಗಳವಾರ. ರಾತ್ರಿ

ಮುಗಿಯಿತು. ಕೋಲಾರದಲ್ಲೂ ಆಗಲಿಲ್ಲ.

ಅಶ್ವತ್ಥಮ್ಮ ನಿನ್ನೆಯಿಂದ ರಜ. ಆವನಿಯಲ್ಲಿ ತಂಗಿಯ ಮನೆ ಗೃಹಪ್ರವೇಶ. ಮೇಜಿನ ಮೇಲಿನ ಕಂದು ಬಾಟಲಿಯಲ್ಲಿ ಡಿಎಂಎಫ್ ತಳ ಕಂಡಿತ್ತು. ಬೀರು ತೆಗೆದು ಹೊಸ ದೊಡ್ಡ ಬಾಟಲಿಯ ಸೀಲ್ ಒಡೆದು ನೇರ ಅದರಿಂದಲೇ ಅಳೆದುಕೊಂಡೆ. ಉಳಿದದ್ದೆಲ್ಲ ಎಂದಿನಂತೆ. ನಾಲ್ಕು ಗಂಟೆ. ಐದು. ಆರು. ನೀರು.

ಮೂರು ವರ್ಷ ಕೈಕೊಡದಿದ್ದದ್ದು ಈಗ ನನ್ನ ಸ್ವಂತ ಮೇಜಿನ ಮೇಲೆಯೇ ಕೈಕೊಟ್ಟಿತು. ಅದೂ ಈಗ.

ವೆಂಕಟ್ ಊಟಕ್ಕೆ ತಟ್ಟೆ ಹಾಕಿದರು. ಟಿವಿ ಸದ್ದು ಕಡಿಮೆ ಮಾಡಿದರು.

ಜೂನ್ 18, ಬುಧವಾರ

ಲ್ಯಾಬಿಗೆ ಹೋಗಲಿಲ್ಲ.

ಜೂನ್ 19, ಗುರುವಾರ. ಮಧ್ಯಾಹ್ನ 2.15, ಲ್ಯಾಬಿನಲ್ಲೇ

ಬರೆಯುವ ಆತುರಕ್ಕೆ ಅಕ್ಷರ ಸೊಟ್ಟ. ಇರಲಿ. ಆದದ್ದನ್ನು ಆದ ಹಾಗೇ ಬರೆದುಬಿಡುತ್ತೇನೆ.

ಹನ್ನೆರಡಕ್ಕೆ ಬಂದೆ, ಸಾಮಾನು ಎತ್ತಿಡೋಣ ಎಂದು. ಅಶ್ವತ್ಥಮ್ಮ ಬಂದಿದ್ದರು. ನನ್ನ ಮೇಜಿನ ಮೇಲೆ ದೊಡ್ಡ ಬಾಟಲಿ ನೋಡಿ ಮುಖ ಗಂಟು ಹಾಕಿಕೊಂಡಿದ್ದರು.

"ಇದನ್ಯಾಕೆ ತೆಗೆದ್ರಿ ಮೇಡಂ? ಮೇಜಿನ ಬಾಟ್ಲಿ ನಾನು ತುಂಬಿಸ್ತೀನಲ್ವಾ."

"ನೀವು ಇರ್ಲಿಲ್ಲ. ಅದ್ರಲ್ಲಿ ಅಡೀಲಿ ಒಂಚೂರಿತ್ತು ಅಷ್ಟೇ."

"ಅಯ್ಯೋ, ಆ ಒಂಚೂರು ಚೆಲ್ಲಿಲ್ಲ ತಾನೆ?"

ಯಾಕೆ ಗಾಬರಿ ಎಂದು ಕೇಳಿದೆ. ಸುಮ್ಮನೆ ಕೇಳಿದ್ದು.

"ಖಾಲಿ ಮಾಡ್ಬಾರ್ದು ಮೇಡಂ. ನಾನು ಯಾವತ್ತೂ ಮಾಡ್ಸಿಲ್ಲ. ಎರಡು ಬೆರಳಷ್ಟು ಇರೋವಾಗ್ಲೇ ಅದ್ರ ಮೇಲೆ ಹೊಸದು ಉಯ್ದುಬಿಡ್ತೀನಿ. ಅಕ್ಕಿ ಡಬ್ಬ ಆಗ್ಲಿ, ಉಪ್ಪಿನ ಜಾಡಿ ಆಗ್ಲಿ, ಬರಿದು ಬಿಡ್ತೀವಾ ಮನೇಲಿ? ಇಲ್ಲೂ ಅಷ್ಟೇ. ನಾನು ಸೇರ್ದಾಗಿಂದ ಆ ಬಾಟ್ಲಿ ಬರಿದಾಗಿದ್ದು ಕಂಡೋಳಲ್ಲ."

"ನೀವು ಸೇರಿ ಎಷ್ಟು ವರ್ಷ ಆಯ್ತು ಅಶ್ವತ್ಥಮ್ಮ?"

"ಈ ಯುಗಾದಿಗೆ ಹನ್ನೊಂದು ತುಂಬ್ತು."

ಹನ್ನೊಂದು ವರ್ಷ. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ.

ಆ ಕಂದು ಬಾಟಲಿ ಕಿಟಕಿಯ ಪಕ್ಕ ಇರುವುದು. ಮಧ್ಯಾಹ್ನದ ಬಿಸಿಲು ದಿನಾ ಬೀಳುತ್ತದೆ. ಮುಚ್ಚಳ ದಿನಕ್ಕೆ ಹತ್ತು ಸಲ ತೆಗೆಯುತ್ತೇವೆ, ತೇವ ಒಳಗೆ ಹೋಗುತ್ತದೆ. ಡಿಎಂಎಫ್ ಹಳೆಯದಾದರೆ ಸ್ವಲ್ಪ ಸ್ವಲ್ಪವೇ ಒಡೆದು ಅಮೀನ್ ಎಂಬ ಕ್ಷಾರ ಆಗುತ್ತದೆ. ಇದನ್ನು ನಾನೇ ಮಕ್ಕಳಿಗೆ ಪಾಠ ಮಾಡಿದ್ದೇನೆ! ಅಮೀನ್ ಇದ್ದರೆ ಗಂಧಕಕ್ಕೆ ಹುರುಪು. ಕೂಡಲೇ ಕೈ ಚಾಚುತ್ತದೆ. ಒಂದಿಷ್ಟೇ ಇಷ್ಟು ಅಮೀನ್ ಸಾಕು. ಹೊಸ ಬಾಟಲಿಯಲ್ಲಿ ಅದಿಲ್ಲ. ಮಾಲೂರಿಗೆ ನಾನು ಕಳಿಸಿದ್ದು ಸೀಲ್ ಒಡೆಯದ ಬಾಟಲಿ. ನಾನು ಮೂರು ವರ್ಷ ಬಳಸಿದ್ದು ಹನ್ನೊಂದು ವರ್ಷದ ತಳದ ಮೇಲೆ ಹೊಯ್ದದ್ದು. ಲೇಬಲ್ ಒಂದೇ ಎಂದು ಒಳಗಿರುವುದೂ ಒಂದೇ ಅಂದುಕೊಂಡೆ.

ಅಮೀನ್‌ಗೆ ಮೀನಿನ ವಾಸನೆ ಇರುತ್ತದೆ. ಆದರೆ ದಿನವಿಡೀ ಡೈಥಯಾಲ್ ಮಧ್ಯೆ ಇರುವ ಮೂಗಿಗೆ ಮೀನೇನು, ಮಲ್ಲಿಗೆಯೇನು.

ಕೆಂಪು ಲಿಟ್ಮಸ್ ಒದ್ದೆ ಮಾಡಿ ದೊಡ್ಡ ಬಾಟಲಿಯ ಬಾಯಿಗೆ ಹಿಡಿದೆ. ಕೆಂಪಾಗಿಯೇ ಇತ್ತು. ಕಂದು ಬಾಟಲಿಯ ಬಾಯಿಗೆ ಹಿಡಿದೆ.

ನೀಲಿ.

ಇಷ್ಟು ದುಡ್ಡಿನ ಮಷೀನುಗಳಲ್ಲಿ ತೋರದಿದ್ದದ್ದು ಪಿಯುಸಿ ಹುಡುಗರ ಕಾಗದದ ಚೂರಿನಲ್ಲಿ ತೋರಿತು. ನಾನು ಜೋರಾಗಿ ನಕ್ಕೆ. ಅಶ್ವತ್ಥಮ್ಮ ಹೆದರಿ ಎರಡು ಹೆಜ್ಜೆ ಹಿಂದೆ ಹೋದರು.

ಅದೇ ದಿನ. ಸಂಜೆ 7.30

ನಾನು ಸುಳ್ಳು ಹೇಳಿರಲಿಲ್ಲ. ನಾನು ಸುಳ್ಳು ಹೇಳಿರಲಿಲ್ಲ. ಬಸ್ಸಿನಲ್ಲಿ ಪೂರಾ ಇದೇ.

ವೆಂಕಟ್‌ಗೆ ಹೇಳಿದೆ. ಅವರು ಸೀದಾ ಅಡುಗೆಮನೆಗೆ ಹೋಗಿ ನಮ್ಮ ಉಪ್ಪಿನ ಜಾಡಿ ತಂದು ಮುಂದೆ ಇಟ್ಟರು. "ಇದು ಯಾವತ್ತಾದ್ರೂ ಖಾಲಿ ಆಗಿದ್ಯಾ?" ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಇಲ್ಲ. ನಾನೇ ಬಿಟ್ಟಿಲ್ಲ. ಒಂದು ಹಿಡಿ ಇರುವಾಗಲೇ ಮೇಲೆ ಸುರಿಯುತ್ತೇನೆ. ನಮ್ಮಮ್ಮನೂ ಹಾಗೇ. ಅಶ್ವತ್ಥಮ್ಮನಿಗೆ ನಾನು ಯಾವ ಬಾಯಲ್ಲಿ ಬೈಯಲಿ?

ಎರಡು ವಾರದ ಮೇಲೆ ಊಟ ರುಚಿಯಾಗಿತ್ತು. ಎರಡು ಸಲ ಅನ್ನ ಹಾಕಿಸಿಕೊಂಡೆ.

ಜೂನ್ 20, ಶುಕ್ರವಾರ

ಸರ್‌ಗೆ ಹೇಳಿದೆ. ಲಿಟ್ಮಸ್ ತೋರಿಸಿದೆ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮುಖ ಕೆಂಪಗಾಯಿತು, ನನ್ನ ಮೇಲಲ್ಲ. "ಆ ಅಟೆಂಡರ್ರು! ಹನ್ನೊಂದು ವರ್ಷ! ಯಾರ್ಯಾರ ಥೀಸಿಸ್ಸು ಆ ಬಾಟ್ಲೀಲಿ ಮುಳುಗಿದೆಯೋ! ಮೆಮೊ ಕೊಡ್ತೀನಿ."

"ಸರ್, ತಪ್ಪು ನಮ್ದು. ಬಾಟ್ಲಿ ತುಂಬಿಸಿ ಅಂತ ಹೇಳಿದ್ವಿ. ಹೇಗೆ ತುಂಬಿಸ್ಬೇಕು ಅಂತ ನಾವ್ಯಾರೂ ಒಂದಿನ ಹೇಳ್ಲಿಲ್ಲ. ನೀವೂ ಹೇಳ್ಲಿಲ್ಲ."

ಗೈಡ್‌ಗೆ ಹಾಗೆ ಅಂದುಬಿಟ್ಟೆ. ಆದರೆ ಅವರು ಮೆಮೊ ವಿಷಯ ಮತ್ತೆ ಎತ್ತಲಿಲ್ಲ. ಬೇರೆಯವರ ಕೆಲಸಕ್ಕೆ ಇದರಿಂದ ಏನಾದರೂ ಆಗಿದೆಯಾ ಎಂದು ಹಳೆಯ ಫೈಲುಗಳನ್ನು ತರಿಸಿದ್ದಾರೆ. ಡಿಎಂಎಫ್ ಬಳಸಿದವರು ನನ್ನನ್ನು ಬಿಟ್ಟರೆ ಇಬ್ಬರೇ. ಅವರ ಕೆಲಸ ಬೇರೆ, ಅಮೀನ್ ಇದ್ದರೂ ಇಲ್ಲದಿದ್ದರೂ ಒಂದೇ. ಅದೂ ಒಂದು ಸಮಾಧಾನ.

ಈಗ ಉಳಿದಿರುವ ಭಯ ಇನ್ನೊಂದು. ಅಮೀನ್‌ನದೇ ಎಲ್ಲ ಆಟವಾದರೆ ದ್ರಾವಕದ್ದೇನು? ಎಲ್ಲದಕ್ಕೂ ಒಂದೇ ಅಳತೆ ಅಮೀನ್ ಹಾಕಿ, ಎಲ್ಲದರಲ್ಲೂ ಒಂದೇ ಫಲ ಬಂದರೆ, ನನ್ನ ಅಧ್ಯಾಯದ ತಲೆಬರಹವೇ ಸುಳ್ಳು. ನಾಳೆ, ನಾಡಿದ್ದು ಅದನ್ನೇ ಮಾಡಬೇಕು.

ಜೂನ್ 22, ಭಾನುವಾರ. ಸಂಜೆ

ಎರಡು ದಿನ. ನಾಲ್ಕು ಫ್ಲಾಸ್ಕ್. ಎಲ್ಲದಕ್ಕೂ ಸೀಲ್ ಒಡೆದ ಹೊಸ ದ್ರಾವಕ, ಎಲ್ಲದಕ್ಕೂ ಒಂದೇ ಅಳತೆಯ ಅಮೀನ್.

ಟಾಲ್ವೀನ್: ಒಳ್ಳೆಣ್ಣೆಯಷ್ಟು ತೆಳು. ಹಿಡಿದಿವೆ, ಆದರೆ ತುಂಡು ತುಂಡು. ಕ್ಲೋರೋಫಾರ್ಮ್: ಅದಕ್ಕಿಂತ ಸೋಮಾರಿ. ಡಿಎಂಎಸ್‌ಒ: ಗಟ್ಟಿ, ಆದರೆ ಹಳೆಯ ಚಾಳಿ ಬಿಟ್ಟಿಲ್ಲ, ಬಿಸಿ ಮಾಡಿದರೆ ಗಂಧಕಕ್ಕೆ ಗಂಧಕ ಅಂಟಿಸುತ್ತದೆ. ಡಿಎಂಎಫ್: ಜೇನು. ಎಲ್ಲದಕ್ಕಿಂತ ಉದ್ದ ಸರಪಳಿ, ನೆಟ್ಟಗೆ.

ಅಂದರೆ ಅಮೀನ್ ಬೇಕು. ಅದು ನಾನು ಬರೆದದ್ದರಲ್ಲಿ ತಪ್ಪು. ಆದರೆ ಅಮೀನ್ ಎಷ್ಟೇ ಕೂಗಿದರೂ ಕೆಲಸ ಹೇಗೆ ಆಗಬೇಕು ಅನ್ನುವುದನ್ನು ನಿರ್ಧರಿಸುವುದು ದ್ರಾವಕವೇ. ಅದು ಸರಿ. ಅಧ್ಯಾಯದ ಅರ್ಧ ಬಿತ್ತು, ಅರ್ಧ ಮೊದಲಿಗಿಂತ ಗಟ್ಟಿಯಾಗಿ ನಿಂತಿತು.

ಲ್ಯಾಬಿನಲ್ಲಿ ಒಬ್ಬಳೇ ಇದ್ದೆ. ಭಾನುವಾರ ಅಲ್ಲವಾ. ನಾಲ್ಕೂ ಫ್ಲಾಸ್ಕನ್ನು ಸಾಲಾಗಿ ಇಟ್ಟು, ಸ್ಟೂಲ್ ಮೇಲೆ ಕೂತು, ಇಡೀ ಒಂದು ಮಲ್ಲಿಕಾ ಹಣ್ಣು ತಿಂದೆ. ಲ್ಯಾಬಿನಲ್ಲಿ ತಿನ್ನಬಾರದು. ಹೊರಗೆ ಮೆಟ್ಟಿಲ ಮೇಲೆ ತಿಂದೆ ಎಂದೇ ಬರೆದುಕೊಳ್ಳೋಣ. ಇಲ್ಲ, ಸುಳ್ಳು ಬೇಡ. ಒಳಗೇ ತಿಂದೆ.

ಜೂನ್ 24, ಮಂಗಳವಾರ

ಸರ್ ಪತ್ರ ಹೊಸದಾಗಿ ಬರೆದಿದ್ದಾರೆ. ವಾಪಸ್ ಅಲ್ಲ, ತಿದ್ದುಪಡಿ. ಓದಿದೆ. 'ಅಲ್ಪ ಪ್ರಮಾಣದ ಅಮೀನ್ ಸೇರಿಸಲಾಗಿತ್ತು' ಎಂದು ಇತ್ತು.

"ಸೇರಿಸಲಿಲ್ಲ ಸರ್. ಇತ್ತು."

"ಅರ್ಥ ಒಂದೇ ಅಲ್ವೇನ್ರೀ. ಬಾಟ್ಲಿ ಕಥೆ ಎಲ್ಲಾ ಬರೆದ್ರೆ ನಗ್ತಾರೆ."

"ನಗ್ಲಿ ಸರ್. ಎರಡು ವಾರ ನೀವು ನನ್ನ ಮುಖ ನೋಡ್ದೆ ಕನ್ನಡಕ ಒರೆಸ್ತಿದ್ರಲ್ಲ, ಅದಕ್ಕಿಂತ ಇದು ಮೇಲು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಕನ್ನಡಕ ತೆಗೆಯಲು ಕೈ ಎತ್ತಿದವರು ಅಲ್ಲೇ ನಿಲ್ಲಿಸಿದರು. ಆಮೇಲೆ ನಕ್ಕರು. ಅವರಿಗೂ ಎಷ್ಟು ಭಾರ ಇಳಿದಿದೆ ಎಂದು ಆ ನಗುವಿನಲ್ಲಿ ಗೊತ್ತಾಯಿತು. "ಬಾಟ್ಲಿ ಬರೀರಿ. ವರ್ಷಾನೂ ಬರೀರಿ" ಎಂದರು.

ಬರೆದೆ. ಹನ್ನೊಂದು ವರ್ಷ ಪೂರ್ತಿ ಖಾಲಿಯಾಗದ ಬಾಟಲಿ, ಕಿಟಕಿಯ ಬಿಸಿಲು, ಲಿಟ್ಮಸ್. ಇಂಗ್ಲಿಷಿನಲ್ಲಿ ಬರೆದರೆ ಇದೆಲ್ಲ ಎಷ್ಟು ಗಂಭೀರವಾಗಿ ಕಾಣುತ್ತದೆ.

ಆದರೆ ಒಂದು ಷರತ್ತು ಹಾಕಿದ್ದಾರೆ. ಕದಿರೇಶ್ ಮಾಲೂರಿನಲ್ಲಿ, ಅವನದೇ ಸಾಮಾನಿನಲ್ಲಿ, ಹೊಸ ಡಿಎಂಎಫ್‌ಗೆ ನಾವು ಹೇಳಿದಷ್ಟು ಅಮೀನ್ ಹಾಕಿ ಮಾಡಬೇಕು. ಅದು ಬಂದರೆ ಮೂವತ್ತಕ್ಕೆ ಈ ಪತ್ರ. ಬರದಿದ್ದರೆ ಆ ಪತ್ರ. ಹಳೆಯದನ್ನು ಅವರು ಇನ್ನೂ ಹರಿದಿಲ್ಲ.

"ನೀವು ಹೋಗ್ಬೇಡಿ ಅಲ್ಲಿಗೆ" ಎಂದರು. "ಫೋನೂ ಮಾಡ್ಬೇಡಿ. ನಿಮ್ಮ ಕೈ ಇಲ್ದೆ ಆಗ್ಬೇಕು."

ಸರಿಯಾದ ಮಾತು. ಆದರೂ ಚುಚ್ಚಿತು.

ಜೂನ್ 26, ಗುರುವಾರ

ಅಶ್ವತ್ಥಮ್ಮನ ಹತ್ತಿರ ಕೂತು ಮಾತಾಡಿದೆ. ನಾಲ್ಕು ದಿನದಿಂದ ನನ್ನನ್ನು ಕಂಡರೆ ಪಕ್ಕಕ್ಕೆ ಸರಿಯುತ್ತಿದ್ದರು. ಯಾರೋ ಅವರ ಕಿವಿಗೆ ಹಾಕಿದ್ದಾರೆ, ನಿಮ್ಮಿಂದ ಮೇಡಂ ಓದು ಹಾಳಾಯಿತು ಎಂದು.

"ನನ್ನಿಂದ ನಿಮ್ಗೆ ಕೆಟ್ಟದ್ದಾಯ್ತಾ ಮೇಡಂ? ನೆಟ್ಟಗೆ ಹೇಳ್ಬಿಡಿ. ನಾನು ಓದ್ದೋಳಲ್ಲ, ಒಳ್ಳೇದಕ್ಕೇ ಅಂತ ಮಾಡ್ದೆ."

ಕೆಟ್ಟದ್ದೂ ಆಗಿದೆ, ಒಳ್ಳೆಯದೂ ಆಗಿದೆ, ಯಾವುದು ಎಂದು ಮೂವತ್ತಕ್ಕೆ ಗೊತ್ತಾಗುತ್ತದೆ ಎಂದೆ. ಅದು ಸಮಾಧಾನದ ಮಾತಲ್ಲ ಎಂದು ಹೇಳಿದ ಮೇಲೆ ಹೊಳೆಯಿತು. ಕಾಫಿ ತರಿಸಿದೆ. ಇಬ್ಬರೂ ಕುಡಿದೆವು. ಅಕ್ಕಿ ಡಬ್ಬದಲ್ಲಿ ಹಳೆಯದರ ಮೇಲೆ ಹೊಸದು ಹಾಕಿದರೆ ತೊಂದರೆಯಿಲ್ಲ, ಇವು ಹುಳಿಯುವ ಸಾಮಾನು, ಹಿಟ್ಟಿನ ಪಾತ್ರೆಯ ಹಾಗೆ, ಹಳೆಯದು ಇದ್ದರೆ ಹೊಸದಕ್ಕೂ ಹತ್ತುತ್ತದೆ ಎಂದು ಹೇಳಿದೆ. ಥಟ್ಟನೆ ಅರ್ಥವಾಯಿತು. "ಹಂಗಂತ ಮೊದ್ಲೇ ಹೇಳ್ಬಾರ್ದಾ ಯಾರಾದ್ರೂ! ದೋಸೆ ಹಿಟ್ಟಿನ ಪಾತ್ರೆ ನಾನು ದಿನಾ ತಿಕ್ಕಲ್ವಾ?"

ಮೇಜಿನ ಬಾಟಲಿಗಳನ್ನೆಲ್ಲ ಖಾಲಿ ಮಾಡಿ, ತೊಳೆದು, ಒಣಗಿಸಿ, ತಾರೀಖು ಬರೆದು ಇಟ್ಟಿದ್ದಾರೆ. ತಾರೀಖಿನ ಕೆಳಗೆ ಒಂದು ಪುಟ್ಟ ಅರಿಶಿನದ ಬೊಟ್ಟು. ಬರಿದು ಮಾಡಿದ್ದಕ್ಕೆ ಪರಿಹಾರವಂತೆ. ಸರ್‌ಗೆ ತೋರಿಸುವುದಿಲ್ಲ.

ಕಂದು ಬಾಟಲಿಯನ್ನು ಮಾತ್ರ ನಾನು ಸೀಲ್ ಮಾಡಿ ಎತ್ತಿಟ್ಟೆ. ಸಾಕ್ಷಿ.

ಜೂನ್ 28, ಶನಿವಾರ

ಮಾಲೂರಿನಿಂದ ಸುದ್ದಿಯಿಲ್ಲ. ಫೋನ್ ಮಾಡುವ ಹಾಗಿಲ್ಲ. ಮನೆ ಪೂರಾ ಗುಡಿಸಿ ಒರೆಸಿದೆ. ಫ್ಯಾನ್ ಮೇಲಿನ ಧೂಳನ್ನೂ ಬಿಡಲಿಲ್ಲ. ವೆಂಕಟ್ ಚಪ್ಪಲಿ ಹಾಕಿಕೊಂಡು ಹೊರಗೆ ಹೋದವರು ಸಂಜೆಯೇ ಬಂದದ್ದು.

ಒಂದು ಮಾತು ಬರೆದಿಡುತ್ತೇನೆ. ಈ ಸಲ ಬರದೆ ಹೋದರೂ, ನಾನು ಬೇಯಿಸಿರಲಿಲ್ಲ ಎಂದು ನನಗೆ ಗೊತ್ತು. ಹತ್ತು ದಿನದ ಹಿಂದೆ ಅಷ್ಟೂ ಗೊತ್ತಿರಲಿಲ್ಲ. ಅದೇ ದೊಡ್ಡ ನೆಮ್ಮದಿ. ಆದರೆ ಬರಲಿ... ದೇವರೇ, ಬರಲಿ.

ಜೂನ್ 30, ಸೋಮವಾರ. ಮಧ್ಯಾಹ್ನ 12.50, ಮುಳಬಾಗಿಲು, ಸ್ಟಾಫ್ ರೂಮ್

ಬೆಳಿಗ್ಗೆ ಎರಡನೇ ಪೀರಿಯಡ್. ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಫೋನ್ ಸೈಲೆಂಟ್‌ನಲ್ಲಿತ್ತು. ಪಾಠ ಮುಗಿಸಿ ನೋಡಿದರೆ ಕದಿರೇಶನದು ಆರು ಕಾಲ್.

ಮಾಡಿದೆ. ಮೊದಲ ರಿಂಗಿಗೇ ಎತ್ತಿದ.

"ಮೇಡಂ, ಶುಕ್ರವಾರ ಗಟ್ಟಿಯಾಗಿ ಬಂತು, ನಂಬ್ಲಿಲ್ಲ. ಶನಿವಾರ ಮತ್ತೆ ಮಾಡ್ದೆ. ಇವತ್ತು ಬೆಳಿಗ್ಗೆ ಆರಕ್ಕೇ ನಮ್ಮ ಹೆಲ್ಪರ್ ಮುನಿಯಲ್ಲಪ್ಪನ ಕೈಲಿ ಮಾಡ್ಸಿದೀನಿ, ಅವ್ರು ಇದನ್ನ ಹಿಂದೆ ಮುಟ್ಟೇ ಇಲ್ಲ. ಮೂರೂ ಬಂತು ಮೇಡಂ. ಫ್ಲಾಸ್ಕ್ ಬೋರಲು ಹಾಕಿದೀನಿ ನೋಡಿ, ಬೀಳ್ತಾ ಇಲ್ಲ."

ಫೋಟೋ ಕಳಿಸಿದ. ಫ್ಲಾಸ್ಕ್ ತಲೆಕೆಳಗು. ಕೆಳಗೆ ಯಾರದೋ ಅಂಗೈ, ಬಿದ್ದರೆ ಹಿಡಿಯಲೆಂದು. ಬೀಳಲಿಲ್ಲ.

ನಾನು ಅಲ್ಲಿ ಇರಲಿಲ್ಲ. ಮೂರು ಸಲವೂ ಇರಲಿಲ್ಲ. ಬೇರೆ ಊರು, ಬೇರೆ ಕೈ. ನನ್ನನ್ನು ನೋಡದವರ ಕೈಯಲ್ಲಿ ಆಯಿತು.

ಸರ್‌ಗೆ ಫೋನ್ ಮಾಡಿದೆ. ಅವನು ಅವರಿಗೆ ಮೊದಲೇ ಹೇಳಿದ್ದ. "ಹಳೇ ಪತ್ರ ಹರಿದೆ, ಕೇಳಿಸ್ತಾ?" ಎಂದು ಕಾಗದ ಹರಿಯುವ ಸದ್ದನ್ನು ಫೋನಿಗೆ ಹಿಡಿದರು. ಅರವತ್ತು ಸಮೀಪಿಸಿದ ಮನುಷ್ಯ. ತಿದ್ದುಪಡಿಯ ಪತ್ರ ಈಗಾಗಲೇ ಹೋಗಿದೆ.

ವೆಂಕಟ್‌ಗೆ ಹೇಳಿದೆ. ಅಮ್ಮನಿಗೆ, ಪಾಸಾದೆ ಎಂದೆ, ಅವಳಿಗೆ ಅಷ್ಟು ಸಾಕು.

ಆಮೇಲೆ ಅಶ್ವತ್ಥಮ್ಮ. ಏಳು ಸಲ ರಿಂಗಾದ ಮೇಲೆ ಎತ್ತಿದರು. ನಲ್ಲಿಯ ಸದ್ದು ಕೇಳುತ್ತಿತ್ತು, ಗಾಜು ತೊಳೆಯುತ್ತಿದ್ದರೇನೋ. ನಾನು ಮಾಲೂರು, ಕದಿರೇಶ್, ಮೂರು ಬ್ಯಾಚ್ ಎಂದು ಏನೇನೋ ಒದರಿದೆ. ಅವರು ನಲ್ಲಿ ನಿಲ್ಲಿಸಿದರು.

"ಒಳ್ಳೇದಾ ಕೆಟ್ಟದ್ದಾ, ಅದನ್ನ ಹೇಳ್ಬಿಡಿ ಮೇಡಂ ಮೊದ್ಲು."

ಒಳ್ಳೆಯದು ಎಂದೆ. ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಒಳ್ಳೆಯದು ಎಂದೆ. ಆ ಕಡೆಯಿಂದ ಅಳುವ ಸದ್ದು. ನಾನು ಮೂರನೇ ಸಲ ಹೇಳಲು ಹೋದೆ, ಅಷ್ಟರಲ್ಲಿ ಅವರು ಮತ್ತೆ ನಲ್ಲಿ ಬಿಟ್ಟರು.